ಸಂಘದ ಮಹನೀಯರಿಗೆ ಕಣ್ಣಾಮುಚ್ಚಾಲೆಯ ಅಜ್ಜಿಯ ಬಿನ್ನಹ

ಬಹುಮಾನ್ಯ ಅಧ್ಯಕ್ಷರು, ಕಾರ್ಯದರ್ಶಿಗಳು, ಖಜಾಂಚಿಗಳು ಹಾಗೂ ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಸಮಸ್ತ ಸದಸ್ಯರ ಸನ್ನಿಧಿಗೆ,

ಬಿ ಬ್ಲಾಕಿನ ಹಿರಿಯಳೊಬ್ಬಳು ಮಾಡುವ ಬಿನ್ನಹ.

ಮೊದಲು ಋಣ ಸಂದಾಯ. ಹೋದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದಾಗ ಅಪರಾತ್ರಿಯಲ್ಲಿ ಟ್ಯಾಂಕರ್ ತರಿಸಿ, ಸಂಪು ತುಂಬುವವರೆಗೂ ಪಕ್ಕದಲ್ಲೇ ನಿಂತವರು ತಾವು. ಲಿಫ್ಟ್ ಕೆಟ್ಟ ದಿನ ಮೂರನೇ ಮಹಡಿಯ ಹಿರಿಯರನ್ನು ಕುರ್ಚಿಯ ಸಮೇತ ಇಳಿಸಿದವರೂ ತಾವೇ. ಸಂಬಳವಿಲ್ಲದ ಈ ಕೆಲಸದಲ್ಲಿ ತಮಗೆ ಸಿಗುವುದು ಬರೀ ದೂರುಗಳು. ಅದು ಗೊತ್ತಿದ್ದೂ ನಾನೂ ಒಂದು ದೂರು ಹೊತ್ತು ತಂದಿದ್ದೇನೆ, ದಯಮಾಡಿ ಮನ್ನಿಸಬೇಕು. ನೀರು, ಬೆಳಕು, ಕಸ ಎಲ್ಲವನ್ನೂ ನೋಡಿಕೊಳ್ಳುವ ತಮ್ಮ ಕೈಯಿಂದಲೇ ಲಿಫ್ಟಿನ ಪಕ್ಕದ ಆ ಸೂಚನೆ ಬಂತಲ್ಲ ಎಂಬುದೇ ನನ್ನ ಸಂಕಟ.

ಸೂಚನೆಯನ್ನು ತಾವು ಅಚ್ಚುಕಟ್ಟಾಗಿ ಬರೆಸಿದ್ದೀರಿ. ಗಿಡಗಳ ಮರೆಯಲ್ಲಿ, ಕಂಬಗಳ ಹಿಂದೆ, ಮೆಟ್ಟಿಲ ಕೆಳಗೆ ಮಕ್ಕಳು ಅಡಗಿ ಕೂರುವಂತಿಲ್ಲ. ಗಟ್ಟಿಯಾಗಿ ಎಣಿಸುವಂತಿಲ್ಲ, ಕೂಗುವಂತಿಲ್ಲ. ಆಟದ ಜಾಗ ನಿವಾಸಿಗಳ ಮಕ್ಕಳಿಗೆ ಮಾತ್ರ. ಕಣ್ಣಾಮುಚ್ಚಾಲೆಯ ಹೆಸರನ್ನು ಎಲ್ಲಿಯೂ ಎತ್ತದೆ ಆ ಆಟದ ಕೈಕಾಲು ಎರಡನ್ನೂ ಕಟ್ಟಿದ್ದೀರಿ.

ನಾನು ಈ ವಿಷಯದಲ್ಲಿ ಬಾಯಿ ಹಾಕಲು ನನಗೊಂದು ಹಕ್ಕಿದೆ ಎಂದು ಭಾವಿಸಿದ್ದೇನೆ. ಸಂಜೆ ಹೊತ್ತು ಕಲ್ಲುಬೆಂಚಿನ ಮೇಲೆ ಕೂತು ಮಕ್ಕಳ ಕಣ್ಣು ಮುಚ್ಚುವವಳು ನಾನು. ನಮ್ಮ ಕಡೆಯ ಕಣ್ಣಾಮುಚ್ಚಾಲೆಯಲ್ಲಿ ಕಳ್ಳನಾದವನು ತಾನೇ ಗೋಡೆಗೆ ಮುಖ ಮಾಡಿ ನಿಲ್ಲುವುದಿಲ್ಲ. ಒಬ್ಬರು ಅಜ್ಜಿಯಾಗಿ ಕೂತು ಅವನ ಕಣ್ಣು ಮುಚ್ಚಬೇಕು, ಹಾಡು ಹೇಳಬೇಕು. ಹಾಡು ಮುಗಿಯುವುದರೊಳಗೆ ಉಳಿದವರೆಲ್ಲ ಅಡಗಿರಬೇಕು. ಕಳ್ಳ ಹುಡುಕಲು ಹೊರಟಾಗ ಅವನ ಕೈಗೆ ಸಿಗದೆ ಓಡಿಬಂದು ಅಜ್ಜಿಯನ್ನು ಮುಟ್ಟಿದವರು ಪಾರು, ದಾರಿಯಲ್ಲಿ ಸಿಕ್ಕಿಬಿದ್ದವನು ಮುಂದಿನ ಕಳ್ಳ. ನನ್ನ ಅಂಗೈಯ ಅಡಿಯಲ್ಲಿ ಅವರ ರೆಪ್ಪೆಗಳು ಪಟಪಟ ಬಡಿದುಕೊಳ್ಳುತ್ತವೆ. ಬೆರಳಿನ ಸಂದಿಯಿಂದ ನೋಡಲು ತಲೆಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸುತ್ತಾರೆ, ನಾನು ಬೆರಳು ಬಿಗಿ ಮಾಡುತ್ತೇನೆ. ಹಣೆಯ ಬೆವರು ಕೈಗೆ ಅಂಟುತ್ತದೆ. ಆಮೇಲೆ ಯಾವುದೋ ಮೂಲೆಯಿಂದ ನುಗ್ಗಿ ಬಂದ ಮಗು ನನ್ನ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಏದುಸಿರು ಬಿಡುತ್ತದಲ್ಲ, ಆ ಹಿಡಿತದಲ್ಲಿ ಇರುವ ಬಲ ನೋಡಿದರೆ ಅದು ನಿಜವಾಗಿಯೂ ಯಾವುದೋ ಆಪತ್ತಿನಿಂದ ಬದುಕಿ ಬಂದಿದೆ ಅನ್ನಬೇಕು.

ತಾವು ಗಟ್ಟಿ ದನಿಯನ್ನು ನಿಷೇಧಿಸಿದ್ದು ಮಲಗಿರುವ ರೋಗಿಗಳ ಮೇಲಿನ ಮರುಕದಿಂದ ಎಂದು ಬಲ್ಲೆ. ಆ ಮರುಕಕ್ಕೆ ತಲೆಬಾಗುತ್ತೇನೆ. ಆದರೆ ಮಹನೀಯರೇ, ಈ ಆಟದಲ್ಲಿ ಹಾಡೇ ಗಡಿಯಾರ. ಅಡಗುವವರಿಗೆ ಇನ್ನೆಷ್ಟು ಹೊತ್ತಿದೆ ಎಂದು ತಿಳಿಯುವುದು ಆ ದನಿಯಿಂದ. ಪಿಸುಗುಟ್ಟಿ ಆಡಲು ಇದು ಚದುರಂಗವಲ್ಲ. ನಿನ್ನೆ ಮೊನ್ನೆಯ ಆಟವೂ ಅಲ್ಲ. ಎರಡನೇ ಶತಮಾನದಲ್ಲಿ ಜೂಲಿಯಸ್ ಪಾಲಕ್ಸ್ ಎಂಬ ಗ್ರೀಕ್ ಪಂಡಿತ ತನ್ನ ಗ್ರಂಥದಲ್ಲಿ ಮಕ್ಕಳ ಆಟಗಳನ್ನು ಬರೆದಿಡುವಾಗ ಅಪೊಡಿಡ್ರಾಸ್ಕಿಂಡಾ ಎಂಬ ಆಟವನ್ನೂ ಸೇರಿಸಿದ್ದಾನೆ. ನಡುವೆ ಒಬ್ಬ ಕಣ್ಣು ಮುಚ್ಚಿ ಕೂರುತ್ತಾನೆ, ಉಳಿದವರು ಓಡಿ ಅಡಗುತ್ತಾರೆ, ಅವನು ಹುಡುಕಲು ಎದ್ದ ಮೇಲೆ ಅವನಿಗಿಂತ ಮೊದಲು ಅವನ ಜಾಗಕ್ಕೆ ಬಂದು ಸೇರಬೇಕು. ನಮ್ಮ ಮಕ್ಕಳು ಅಜ್ಜಿಯನ್ನು ಮುಟ್ಟುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಅಷ್ಟು ಕಾಲ, ಅಷ್ಟು ದೂರ ಬಾಳಿಕೊಂಡು ಬಂದ ಆಟ ನಮ್ಮ ಬ್ಲಾಕುಗಳ ನಡುವೆ ಒಂದು ಹಾಳೆಯ ಮುಂದೆ ಸೋತು ಕೂತಿದೆ.

ತೋಟಗಾರಿಕೆಗಾಗಿ ತಮಗೆ ವಿಶೇಷ ವಂದನೆ. ಹೂಗಿಡಗಳು ಕಣ್ಣಿಗೆ ಹಬ್ಬ. ಬೇಲಿಯ ಗಿಡಗಳನ್ನು ಮೊಣಕಾಲಿನ ಎತ್ತರಕ್ಕೆ ಸಮನಾಗಿ ಕತ್ತರಿಸಿದ್ದೀರಿ, ದಾಸವಾಳದ ಪೊದೆಯನ್ನು ಬುಡಸಮೇತ ಕೀಳಿಸಿ ಆ ಜಾಗದಲ್ಲಿ ಗ್ರಾನೈಟ್ ಹಾಸಿದ್ದೀರಿ, ಮೂಲೆ ಮೂಲೆಗೂ ದೀಪ ಹಾಕಿಸಿದ್ದೀರಿ. ಈಗ ನಮ್ಮ ಆವರಣದಲ್ಲಿ ಒಂದು ಬೆಕ್ಕೂ ಅಡಗುವಂತಿಲ್ಲ. ಬರ್ಲಿನ್ನಿನ ಹಂಬೋಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳಿಗೆ ಕಣ್ಣಾಮುಚ್ಚಾಲೆ ಕಲಿಸಿದ ಸಂಗತಿಯನ್ನು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಲಿಗಳಿಗೆ ಬಹುಮಾನವಾಗಿ ತಿನ್ನಲು ಏನೂ ಕೊಡಲಿಲ್ಲ, ಸಿಕ್ಕಾಗ ಒಂದಿಷ್ಟು ಕಚಗುಳಿ ಇಟ್ಟರು, ಅಷ್ಟೇ. ಅಡಗುವ ಸರದಿ ಬಂದಾಗ ಆ ಇಲಿಗಳು ಗಾಜಿನಂತೆ ಕಾಣುವ ಪೆಟ್ಟಿಗೆಯನ್ನು ಬಿಟ್ಟು ಒಳಗಿದ್ದದ್ದು ಕಾಣದ ಪೆಟ್ಟಿಗೆಯನ್ನೇ ಹೆಚ್ಚಾಗಿ ಆರಿಸಿಕೊಂಡವು. ಸಿಕ್ಕಿಬಿದ್ದ ಮೇಲೂ ಕೆಲವು ಕುಣಿಯುತ್ತ ತಪ್ಪಿಸಿಕೊಂಡು ಓಡಿ ಮತ್ತೆ ಅಡಗಿದವು, ಆಟ ಮುಗಿಯುವುದು ಬೇಡವೆಂಬಂತೆ. ಇಲಿಗೂ ಬೇಕಾದ ಒಂದು ಮರೆಯನ್ನು ನಾವು ಮಕ್ಕಳಿಗೆ ಉಳಿಸಲಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಲು ನನಗೆ ನೋವಾಗುತ್ತದೆ.

ಕ್ಯಾಮೆರಾಗಳ ವಿಷಯ. ಬೈಕುಗಳ ಪೆಟ್ರೋಲ್ ಕಳವು ನಿಂತದ್ದು ಅವುಗಳಿಂದಲೇ, ಆ ಉಪಕಾರವನ್ನು ಮರೆಯುವುದಿಲ್ಲ. ಆದರೆ ಮೊನ್ನೆ ನಡೆದದ್ದನ್ನು ತಾವು ಕೇಳಲೇಬೇಕು. ಸಿ ಬ್ಲಾಕಿನ ನಾಲ್ಕು ವರ್ಷದ ಹುಡುಗಿ ಕ್ರೋಟನ್ ಕುಂಡಗಳ ಹಿಂದೆ ಮಂಡಿಯೂರಿ ಕೂತಿದ್ದಳು. ಬೆನ್ನು ಪೂರ್ತಿ ಕಾಣುತ್ತಿತ್ತು, ಹಳದಿ ಫ್ರಾಕು ಬೇರೆ. ಆದರೆ ಎರಡೂ ಕೈಯಿಂದ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಈ ವಯಸ್ಸಿನ ಮಕ್ಕಳು ಹೀಗೇಕೆ ಮಾಡುತ್ತಾರೆ ಎಂದು ಕೇಂಬ್ರಿಜ್‌ನ ಮನೋವಿಜ್ಞಾನಿಗಳು ಮಕ್ಕಳನ್ನೇ ಕೇಳಿ 2012ರಲ್ಲಿ ಪ್ರಕಟಿಸಿದ್ದಾರೆ. ತಮ್ಮ ಮೈ ಇತರರಿಗೆ ಕಾಣುತ್ತದೆ ಎಂದು ಆ ಮಕ್ಕಳು ಒಪ್ಪುತ್ತಾರೆ, ಆದರೆ ಕಣ್ಣಿಗೆ ಕಣ್ಣು ಸೇರದ ತನಕ 'ನಾನು' ಕಾಣುವುದಿಲ್ಲ ಎನ್ನುತ್ತಾರೆ. ದೊಡ್ಡ ಮಕ್ಕಳಿಗೆ ಇದನ್ನು ಯಾರೂ ಕಲಿಸಿಲ್ಲ, ಆದರೂ ಅವರಿಗೆ ಗೊತ್ತು. ಕಳ್ಳನಾಗಿದ್ದ ಹುಡುಗ ಅವಳ ಪಕ್ಕದಲ್ಲೇ ಎರಡು ಸಲ ಹಾದುಹೋದ, "ಎಲ್ಲಪ್ಪಾ ಇವಳು, ಕಾಣಿಸ್ತಾನೇ ಇಲ್ಲ" ಎಂದು ಜೋರಾಗಿ ಹೇಳಿಕೊಂಡು. ಅವಳ ಭುಜಗಳು ನಗುವಿನಿಂದ ಕುಲುಕುತ್ತಿದ್ದವು. ಚಿಕ್ಕವರನ್ನು ನಾವು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುವ ಕ್ರಮ ಇದು. ಸಿಕ್ಕರೂ ಕಳ್ಳನಾಗಬೇಕಿಲ್ಲ, ಆದರೆ ಅವರನ್ನೂ ಹುಡುಕಲೇಬೇಕು.

ಅಷ್ಟರಲ್ಲಿ ಗೇಟಿನಿಂದ ವಾಚ್‌ಮನ್ ಬಂದರು. ಕ್ಯಾಮೆರಾದಲ್ಲಿ ನೋಡಿದ ಯಾರೋ ಮೇಲಿನಿಂದ ಇಂಟರ್‌ಕಾಮ್ ಮಾಡಿದ್ದರಂತೆ. "ಪುಟ್ಟಿ, ಎದ್ದೇಳವ್ವ, ಇಲ್ಲಿ ಕೂರಬಾರದಂತೆ" ಎಂದು ಅವಳ ತೋಳು ಹಿಡಿದು ಎಬ್ಬಿಸಿದರು. ಆ ಮನುಷ್ಯನಿಗೂ ಅದು ಇಷ್ಟವಿರಲಿಲ್ಲ, ನನ್ನ ಕಡೆ ತಿರುಗಿ "ಏನ್ ಮಾಡ್ಲಿ ಅಮ್ಮ, ಫೋನ್ ಬಂತು" ಎಂದರು. ಹುಡುಗಿ ಅಳಲಿಲ್ಲ. ಕಣ್ಣಿನಿಂದ ಕೈ ತೆಗೆದು, ಯಾರು ತನ್ನನ್ನು ಕಂಡುಹಿಡಿದದ್ದು ಎಂದು ಸುತ್ತ ನೋಡಿದಳು. ಕಳ್ಳನಾಗಿದ್ದ ಹುಡುಗ ದೂರದಲ್ಲಿ ಸುಮ್ಮನೆ ನಿಂತಿದ್ದ. ಆ ಮಗುವಿಗೆ ನಾನು ಏನೆಂದು ಹೇಳಲಿ? ಕರೆ ಮಾಡಿದವರು ಯಾರೆಂದು ಕೇಳುವುದಿಲ್ಲ. ಆದರೆ ಅವರು ನಾಳೆ ಸಂಜೆ ಕೆಳಗಿಳಿದು ಬಂದು ಅವಳ ಜೊತೆ ಒಂದು ಆಟ ಆಡಬೇಕೆಂದು ಕೈಮುಗಿದು ಕೇಳುತ್ತೇನೆ.

ಡಬ್ಬದ ವಿಚಾರವನ್ನೂ ಅರಿಕೆ ಮಾಡಿಕೊಳ್ಳಲೇಬೇಕು. ಹತ್ತು ಹನ್ನೆರಡರ ಮಕ್ಕಳಿಗೆ ಬರೀ ಅಡಗುವುದು ಸಾಲದು, ಅವರು ಡಬ್ಬದ ಐಸ್‌ಪೈಸ್ ಆಡುತ್ತಾರೆ. ಹಾಲಿನ ಪುಡಿಯ ಹಳೆಯ ಡಬ್ಬದೊಳಗೆ ನಾಲ್ಕು ಕಲ್ಲು ಹಾಕಿ, ನೆಲದ ಮೇಲೆ ಚಾಕ್‌ಪೀಸಿನಲ್ಲಿ ವೃತ್ತ ಎಳೆದು ನಡುವೆ ಇಡುತ್ತಾರೆ. ಒಬ್ಬ ಅದನ್ನು ದೂರ ಒದೆಯುತ್ತಾನೆ. ಕಳ್ಳ ಓಡಿಹೋಗಿ ಡಬ್ಬ ತಂದು ಮತ್ತೆ ವೃತ್ತದಲ್ಲಿ ಇಡುವುದರೊಳಗೆ ಎಲ್ಲರೂ ಮಾಯ. ಅವನು ಒಬ್ಬೊಬ್ಬರನ್ನೇ ಕಂಡುಹಿಡಿದು, ಹೆಸರು ಕೂಗಿ ಡಬ್ಬವನ್ನು ನೆಲಕ್ಕೆ ತಟ್ಟಿದರೆ ಅವರು ಔಟ್. ಆದರೆ ಇನ್ನೂ ಸಿಗದ ಒಬ್ಬ ಕದ್ದು ಬಂದು ಡಬ್ಬ ಒದ್ದನೆಂದರೆ ಅಷ್ಟೂ ಜನರಿಗೆ ಬಿಡುಗಡೆ. ಕೊನೆಯವನೊಬ್ಬ ಎಲ್ಲರನ್ನೂ ಬಿಡಿಸಬಲ್ಲ ಈ ನಿಯಮ ನನಗೆ ಬಹಳ ಪ್ರೀತಿಯದು. ಇನ್ನೊಂದು ತಂತ್ರವೂ ಉಂಟು. ಅಡಗಿದ ಇಬ್ಬರು ಅಂಗಿ ಅದಲುಬದಲು ಮಾಡಿಕೊಂಡು ತೋಳು ಮಾತ್ರ ಹೊರಗೆ ಚಾಚುತ್ತಾರೆ, ಕಳ್ಳ ತಪ್ಪು ಹೆಸರು ಕೂಗಿದರೆ ಮೊದಲಿನಿಂದ ಎಣಿಸಬೇಕು. ಜಪಾನಿನ ಮಕ್ಕಳು ಇದೇ ಡಬ್ಬದ ಆಟವನ್ನು ಕಾನ್‌ಕೆರಿ ಎಂದು ಆಡುತ್ತಾರೆ. ನಮ್ಮಲ್ಲಿ ಆ ಡಬ್ಬ ಈಗ ತಮ್ಮ ಕಚೇರಿಯ ಬೀರುವಿನಲ್ಲಿದೆ. ಸದ್ದಿನ ಕಾರಣಕ್ಕೆ ವಶಪಡಿಸಿಕೊಂಡದ್ದು ಎಂದು ಕೇಳಿದೆ. ಅದೇ ಜಾಗದಲ್ಲಿ ಹಬ್ಬದ ದಿನ ತಾವು ಕಟ್ಟಿಸುವ ಧ್ವನಿವರ್ಧಕದ ಬಗ್ಗೆ ನಾನು ಎಂದೂ ಚಕಾರ ಎತ್ತಿದವಳಲ್ಲ, ಈಗಲೂ ಎತ್ತುವುದಿಲ್ಲ. ಡಬ್ಬವನ್ನು ಮಾತ್ರ ಹಿಂದಿರುಗಿಸಬೇಕೆಂದು ಬೇಡುತ್ತೇನೆ. ಅದರೊಳಗಿನ ಕಲ್ಲುಗಳ ಸಮೇತ.

ನೆಲಮಾಳಿಗೆಯ ಪಾರ್ಕಿಂಗ್, ಜನರೇಟರ್ ಕೋಣೆ, ಟೆರೇಸು ಇವಕ್ಕೆ ಬೀಗ ಹಾಕಿಸಿದ್ದಕ್ಕೆ ತಮ್ಮ ಪಾದಕ್ಕೆ ನಮಸ್ಕಾರ. ಇದನ್ನು ಮನಸಾರೆ ಹೇಳುತ್ತಿದ್ದೇನೆ. ನಿಂತ ಕಾರಿನೊಳಗೆ ಅಡಗಿ, ಬಾಗಿಲು ತೆರೆಯಲಾಗದೆ ಬಿಸಿಲಿಗೆ ಉಸಿರುಗಟ್ಟಿ ಸತ್ತ ಮಕ್ಕಳ ಸುದ್ದಿ ಬೇಸಿಗೆ ಬಂದಾಗ ಪತ್ರಿಕೆಯಲ್ಲಿ ಓದುತ್ತೇವೆ. ಸಂಪಿನ ಮುಚ್ಚಳ, ಲಿಫ್ಟಿನ ಗುಂಡಿ, ಟ್ರಾನ್ಸ್‌ಫಾರ್ಮರ್ ಬೇಲಿ, ಇವು ಆಟದ ಜಾಗಗಳೇ ಅಲ್ಲ. ಆದರೆ ಅಪಾಯಕ್ಕೆ ಇಡೀ ಆಟವನ್ನೇ ನಿಲ್ಲಿಸುವುದು ಮದ್ದೇ? ಅಮೆರಿಕದಲ್ಲಿ ಹಿಂದೆ ಫ್ರಿಜ್ಜಿನ ಬಾಗಿಲಿಗೆ ಹೊರಗಿನಿಂದ ಮಾತ್ರ ತೆಗೆಯಬಹುದಾದ ಚಿಲಕ ಇರುತ್ತಿತ್ತು. ಬಿಸಾಡಿದ ಫ್ರಿಜ್ಜುಗಳೊಳಗೆ ಅಡಗಿದ ಮಕ್ಕಳು ಹೊರಬರಲಾಗದೆ ಸತ್ತರು. 1956ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಮಕ್ಕಳು ಅಡಗಬಾರದು ಎಂದಲ್ಲ, ಫ್ರಿಜ್ಜಿನ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಎಂದು. ಇಂದು ನಮ್ಮ ಮನೆಯ ಫ್ರಿಜ್ಜಿಗೆ ಚಿಲಕದ ಬದಲು ಅಯಸ್ಕಾಂತದ ಪಟ್ಟಿ ಇರುವುದರ ಹಿಂದೆ ಆ ಮಕ್ಕಳಿದ್ದಾರೆ. ದೊಡ್ಡವರು ಬಾಗಿಲನ್ನು ಸರಿಮಾಡಿದರು. ನಮ್ಮಲ್ಲಿ ಸಂಪಿನ ಒಂದು ಮುಚ್ಚಳಕ್ಕೆ ಈಗಲೂ ಕೊಂಡಿಯಿಲ್ಲ, ಮೇಲೆ ಕಲ್ಲು ಹೇರಿದ್ದಾರೆ. ಕ್ರೋಟನ್ ಕುಂಡದ ಹಿಂದೆ ಕೂರಬೇಡ ಎಂಬ ಸೂಚನೆ ಮಾತ್ರ ಲ್ಯಾಮಿನೇಟ್ ಆಗಿದೆ.

ಬೇಸಿಗೆ ರಜೆಯಲ್ಲಿ ತಾವು ಏರ್ಪಡಿಸಿದ ದೇಸಿ ಆಟಗಳ ಶಿಬಿರಕ್ಕೂ ನಾನು ಕೃತಜ್ಞಳು. ಆ ಶಿಬಿರದಲ್ಲಿ ಕಣ್ಣಾಮುಚ್ಚಾಲೆಗೆ ಹತ್ತು ನಿಮಿಷ ಮೀಸಲಿತ್ತು. ಸೀಟಿ ಊದುವ ತರಬೇತುದಾರರು ಅಡಗುವ ಜಾಗಗಳನ್ನು ಮೊದಲೇ ತೋರಿಸಿದರು, ಒಂದೊಂದು ಜಾಗಕ್ಕೂ ಒಂದೊಂದು ಅಂಕಿ. ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ. ಮಕ್ಕಳು ತಾವೇ ಆಡುವಾಗ ಆಟದ ಅರ್ಧ ಭಾಗ ಜಗಳದಲ್ಲೇ ಹೋಗುತ್ತದೆ. ಅಂಗೈ ಮುಂಗೈ ಹಾಕಿ ಕಳ್ಳನನ್ನು ಆರಿಸುವಾಗ ಯಾರು ಕೈ ತಡವಾಗಿ ತಿರುಗಿಸಿದರು, ಲಿಫ್ಟಿನ ಆಚೆ ಹೋದದ್ದು ಗಡಿ ದಾಟಿದಂತೆಯೋ ಅಲ್ಲವೋ, ಅಜ್ಜಿಯನ್ನು ಮುಟ್ಟಿದ್ದು ಮೊದಲೋ ಸಿಕ್ಕಿಬಿದ್ದದ್ದು ಮೊದಲೋ. ಎಂಟು ವರ್ಷದವರು ಅಲ್ಲಿಯೇ ನಿಯಮ ಮಾಡುತ್ತಾರೆ, ಮುರಿಯುತ್ತಾರೆ, ಮುನಿಸಿಕೊಂಡು ಮನೆಗೆ ಹೊರಟವನನ್ನು ಮೆಟ್ಟಿಲಿನಿಂದ ಕರೆತರುತ್ತಾರೆ. ಒಮ್ಮೆ ಇಂಗ್ಲೆಂಡಿನಿಂದ ರಜೆಗೆ ಬಂದ ಮೊಮ್ಮಗನೊಬ್ಬ ಇವರಿಗೆ ಸಾರ್ಡೀನ್ಸ್ ಎಂಬ ಆಟ ಹೇಳಿಕೊಟ್ಟ. ಅದರಲ್ಲಿ ಅಡಗುವವನು ಒಬ್ಬನೇ, ಹುಡುಕುವವರು ಎಲ್ಲರೂ, ಕಂಡವರು ಸದ್ದಿಲ್ಲದೆ ಅವನ ಪಕ್ಕದಲ್ಲೇ ತೂರಿಕೊಳ್ಳಬೇಕು. ಸಂಜೆಯ ಹೊತ್ತಿಗೆ ಅದಕ್ಕೂ ಇವರು ಅಜ್ಜಿಯೊಬ್ಬಳನ್ನು ಸೇರಿಸಿಬಿಟ್ಟಿದ್ದರು! ಅಂಥ ಮಕ್ಕಳಿಗೆ ಅಂಕಿ ಹಾಕಿದ ಮೂಲೆಯನ್ನು ಕೊಟ್ಟು, ಅದಕ್ಕೆ ಶುಲ್ಕವನ್ನೂ ಪಡೆದಿರಿ.

ಇನ್ನು ಸೂಚನೆಯ ಕೊನೆಯ ಸಾಲು. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ, ಮಹನೀಯರೇ. ಆಟದ ಜಾಗ ನಿವಾಸಿಗಳ ಮಕ್ಕಳಿಗೆ ಮಾತ್ರ. ಪಂಪ್ ಕೋಣೆಯ ಪಕ್ಕದ ಶೀಟಿನ ಮನೆಯಲ್ಲಿ ವಾಚ್‌ಮನ್ ಸಂಸಾರ ಇರುವುದು ತಮಗೆ ಗೊತ್ತು, ಆ ಜಾಗ ಕೊಟ್ಟವರು ತಾವೇ. ಹಗಲು ರಾತ್ರಿ ಅಲ್ಲೇ ವಾಸಿಸುವವರು ಯಾವ ಲೆಕ್ಕದಲ್ಲಿ ನಿವಾಸಿಗಳಲ್ಲ? ಅವರ ಮಗಳು ಈ ಆಟದಲ್ಲಿ ಎಲ್ಲರಿಗಿಂತ ಚುರುಕು. ಯಾವ ಕಂಬದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಅವಳಿಗೆ ಗೊತ್ತು. ಅವಳು ಅಡಗಿದರೆ ಕಳ್ಳ ಸೋತು "ಬಾರೇ ಹೊರಗೆ" ಎಂದು ಕೂಗಲೇಬೇಕು. ಮನೆಗೆಲಸಕ್ಕೆ ಬರುವ ಹೆಂಗಸಿನ ಮಗನೂ, ಬಟ್ಟೆ ಇಸ್ತ್ರಿ ಮಾಡುವವರ ಇಬ್ಬರು ಮಕ್ಕಳೂ ಸಂಜೆ ಸೇರಿಕೊಳ್ಳುತ್ತಿದ್ದರು. ಈಗ ವಾಚ್‌ಮನ್ ಮಗಳು ಗೇಟಿನ ಕಟ್ಟೆಯ ಮೇಲೆ ಕೂತು ಉಳಿದವರು ಆಡುವುದನ್ನು ನೋಡುತ್ತಾಳೆ. ಯಾರು ಎಲ್ಲಿ ಅಡಗಿದ್ದಾರೆಂದು ಅವಳಿಗೆ ಅಲ್ಲಿಂದಲೇ ಕಾಣುತ್ತದೆ, ಆದರೆ ಒಮ್ಮೆಯೂ ಬೆರಳು ತೋರಿಸಿದವಳಲ್ಲ.

ಭಾಗವತದ ದಶಮ ಸ್ಕಂಧದಲ್ಲಿ, 37ನೇ ಅಧ್ಯಾಯದಲ್ಲಿ, ಗೋಪಾಲರ ಮಕ್ಕಳು ಬೆಟ್ಟದ ತಪ್ಪಲಲ್ಲಿ ಅಡಗಿಕೊಳ್ಳುವ ಆಟ ಆಡುತ್ತಾರೆ. ಕೆಲವರು ಕುರಿಗಳು, ಕೆಲವರು ಕುರುಬರು, ಕೆಲವರು ಕಳ್ಳರು. ವ್ಯೋಮಾಸುರನೆಂಬ ರಾಕ್ಷಸನು ತಾನೂ ಒಬ್ಬ ಗೋಪಾಲನಂತೆ ವೇಷ ಹಾಕಿ ಬಂದು, ಕುರಿಗಳಾದವರನ್ನು ಒಬ್ಬೊಬ್ಬರಾಗಿ ಹೊತ್ತೊಯ್ದು ಗುಹೆಗೆ ಹಾಕಿ ಬಂಡೆ ಮುಚ್ಚುತ್ತಾನೆ. ಆಟದಲ್ಲಿ ನಾಲ್ಕೈದು ಮಕ್ಕಳು ಮಾತ್ರ ಉಳಿಯುತ್ತಾರೆ. ಕೃಷ್ಣ ಅವನನ್ನು ಕೊಂದು, ಗುಹೆಯ ಬಾಗಿಲು ಒಡೆದು ಗೆಳೆಯರನ್ನೆಲ್ಲ ಹೊರಗೆ ತರುತ್ತಾನೆ. ಭಾಗವತ ಸಪ್ತಾಹಕ್ಕೆ ಪ್ರತಿ ವರ್ಷ ಕ್ಲಬ್‌ಹೌಸನ್ನು ಉಚಿತವಾಗಿ ಬಿಟ್ಟುಕೊಡುವ ತಮಗೆ ಈ ಕಥೆಯನ್ನು ನಾನು ಹೇಳಬೇಕಿಲ್ಲ. ನಮ್ಮ ಅಂಗಳದಲ್ಲೂ ಈಗ ನಾಲ್ಕೈದು ಮಕ್ಕಳೇ ಉಳಿದಿದ್ದಾರೆ ಎಂದಷ್ಟೇ ಹೇಳಿ, ಉಳಿದದ್ದನ್ನು ತಮ್ಮ ವಿವೇಕಕ್ಕೆ ಬಿಡುತ್ತೇನೆ. ನಾಲ್ಕು ಜನಕ್ಕೆ ಕಣ್ಣಾಮುಚ್ಚಾಲೆ ಸಾಗುವುದಿಲ್ಲ. ಎರಡು ಸುತ್ತಿಗೆ ಬೇಸರ ಬಂದು ಅವರು ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾರೆ, ಆಗ ಮಾತ್ರ ನಮಗೆ ಯಾರ ದೂರೂ ಬರುವುದಿಲ್ಲ.

ಕಾನೂನಿನ ಮಾತು ಎತ್ತುವುದು ನನ್ನ ಸ್ವಭಾವವಲ್ಲ. ಆದರೂ ತಮ್ಮ ಕಡತಕ್ಕೆ ಇರಲಿ: 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು ಮತ್ತು ಆಟವನ್ನು ಮಗುವಿನ ಹಕ್ಕು ಎನ್ನುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಅಲ್ಲಿ 'ಮಗು' ಎಂದಷ್ಟೇ ಬರೆದಿದೆ, ಫ್ಲ್ಯಾಟ್ ಸಂಖ್ಯೆಯ ಪ್ರಸ್ತಾಪ ಇಲ್ಲ.

ತಮ್ಮ ಅಮೂಲ್ಯ ಸಮಯವನ್ನು ಇನ್ನು ಹೆಚ್ಚು ತೆಗೆದುಕೊಳ್ಳಲಾರೆ. ಬರುವ ಭಾನುವಾರದ ಸಭೆಯಲ್ಲಿ ಈ ಕೆಳಗಿನದನ್ನು ಪರಿಶೀಲಿಸಬೇಕಾಗಿ ವಿನಂತಿ. ಸಂಜೆ ಐದೂವರೆಯಿಂದ ದೀಪ ಹಚ್ಚುವವರೆಗೆ ಮಕ್ಕಳು ಹಾಡಲಿ, ಎಣಿಸಲಿ. ಅಷ್ಟು ಹೊತ್ತು ಸದ್ದಿನಿಂದ ನಿಜವಾಗಿ ತೊಂದರೆಯಾಗುವ ರೋಗಿಗಳ ಮನೆಗಳನ್ನು ನಾನೇ ಹೋಗಿ ವಿಚಾರಿಸಿ, ಆಟವನ್ನು ಆ ಕಡೆಯಿಂದ ದೂರ ಒಯ್ಯುತ್ತೇನೆ. ಆ ಹೊತ್ತಿನಲ್ಲಿ ಕ್ಯಾಮೆರಾ ನೋಡಿ ಅಡಗಿದವರನ್ನು ಎಬ್ಬಿಸಲು ವಾಚ್‌ಮನ್ನರಿಗೆ ಯಾರೂ ಕರೆ ಮಾಡಬಾರದು. ಸಂಪಿನ ಮುಚ್ಚಳಕ್ಕೆ ಕೊಂಡಿ ಮತ್ತು ಬೀಗ ಇದೇ ವಾರ ಬರಲಿ. ಬಿ ಬ್ಲಾಕಿನ ಹಿಂದಿನ ಬೇಲಿಯನ್ನು ಕತ್ತರಿಸದೆ ಬೆಳೆಯಲು ಬಿಡಿ, ದಾಸವಾಳದ ಕಡ್ಡಿಗಳನ್ನು ನಾನು ತಂದು ನೆಡುತ್ತೇನೆ. ಸೂಚನೆಯ ಕೊನೆಯ ಸಾಲನ್ನು ಅಳಿಸಿ, ಅಳಿಸಿದ್ದನ್ನು ಗೇಟಿನ ಕಟ್ಟೆಯ ಹುಡುಗಿಗೆ ಅಧ್ಯಕ್ಷರೇ ಬಂದು ಹೇಳಬೇಕು. ವಾಚ್‌ಮನ್ ಹೇಳಿದರೆ ಅವಳು ನಂಬುವುದಿಲ್ಲ, ತಂದೆಗೆ ಅಂಥ ಅಧಿಕಾರ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು.

ಡಬ್ಬವನ್ನು ಕಚೇರಿಯಿಂದ ತೆಗೆದುಕೊಂಡು ಹೋಗಲು ಸೋಮವಾರ ಸಂಜೆ ಐದಕ್ಕೆ ಮಕ್ಕಳನ್ನೇ ಕಳುಹಿಸುತ್ತೇನೆ. ಬೀರುವಿನ ಕೀಲಿ ಅಷ್ಟು ಹೊತ್ತಿಗೆ ಕಚೇರಿಯಲ್ಲಿ ಇರುವಂತೆ ನೋಡಿಕೊಳ್ಳಬೇಕಾಗಿ ಪ್ರಾರ್ಥನೆ.

ಇತಿ ತಮ್ಮ ವಿಧೇಯ,
ಕಲ್ಲುಬೆಂಚಿನ ಅಜ್ಜಿ,
ಬಿ ಬ್ಲಾಕ್